ಒಂದೇ ಟ್ಯೂಬು, ಮೂವರ ಚರ್ಮ: ಸ್ಟಿರಾಯ್ಡ್ ಮತ್ತು ಆಂಟಿಬಯಾಟಿಕ್ ಬೆರೆತ ಮುಲಾಮನ್ನು ಎಷ್ಟು ದಿನ ಹಚ್ಚಬಹುದು?

ಪ್ರಶ್ನೆ: ನನಗೆ 34 ವರ್ಷ. ನಮ್ಮ ಊರು ಶಿರಸಿಯ ಹತ್ತಿರ. ಚಿಕ್ಕಂದಿನಿಂದಲೂ ಎರಡೂ ಮೊಣಕೈಗಳ ಒಳಮಡಿಕೆಯಲ್ಲಿ ಇಸುಬು ಇದೆ. ಕಳೆದ ವರ್ಷ ಅದು ಒಡೆದು ನೀರು ಒಸರಿ, ಮೇಲೆ ಹಳದಿ ಹಕ್ಕಳೆ ಕಟ್ಟಿದಾಗ ಚರ್ಮದ ಡಾಕ್ಟರು ಬೀಟಾಮೆಥಸೋನ್ ಮತ್ತು ಫ್ಯುಸಿಡಿಕ್ ಆಸಿಡ್ ಬೆರೆತ 15 ಗ್ರಾಂನ ಟ್ಯೂಬು ಬರೆದುಕೊಟ್ಟರು. ದಿನಕ್ಕೆ ಎರಡು ಸಲ ಹಚ್ಚಿದೆ, ಐದೇ ದಿನದಲ್ಲಿ ವಾಸಿಯಾಯಿತು. ಉಳಿದದ್ದನ್ನು ಆಮೇಲೆ 4 ವರ್ಷದ ಮಗನ ಕೆನ್ನೆಯ ಒರಟು ಮಚ್ಚೆಗಳಿಗೆ ಆಗಾಗ ಹಚ್ಚಿದ್ದೇನೆ. ಸಕ್ಕರೆ ಕಾಯಿಲೆ ಇರುವ ನಮ್ಮ ಅತ್ತೆಯವರು ತೊಡೆಸಂದಿನ ತುರಿಕೆಗೆ ಅದನ್ನೇ ಹಚ್ಚಿಕೊಂಡರು. ಟ್ಯೂಬು ಮುಗಿದಾಗ ಮೆಡಿಕಲ್ ಶಾಪಿನವರು, "ಇದು ಇನ್ನೂ ಒಳ್ಳೆಯದು, ಇದರಲ್ಲಿ ಮೂರೂ ಇದೆ" ಎಂದು ಬೇರೊಂದು ಮುಲಾಮು ಕೊಟ್ಟರು. ಹಚ್ಚಿದರೆ ತುರಿಕೆ ನಿಲ್ಲುತ್ತದೆ, ಬಿಟ್ಟರೆ ಮೊದಲಿಗಿಂತ ಹೆಚ್ಚಾಗುತ್ತದೆ. ಅವರಿಗೆ ಹೀಗೇ ಎರಡು ತಿಂಗಳಾಯಿತು. ಇಂಥ ಮುಲಾಮನ್ನು ಎಷ್ಟು ದಿನ ಹಚ್ಚಬಹುದು? ಮನೆಮಂದಿಯೆಲ್ಲ ಬಳಸಿದರೆ ತೊಂದರೆಯಿದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂವರು ರೋಗಿಗಳಿದ್ದಾರೆ, ಮೂವರ ಕಾಯಿಲೆಯೂ ಬಹುಶಃ ಬೇರೆ ಬೇರೆ. ಆದ್ದರಿಂದ ಎಷ್ಟು ದಿನ ಎಂಬುದಕ್ಕೂ ಮೂರು ಉತ್ತರಗಳಿವೆ. ನಿಮಗೆ ಆ ಮುಲಾಮು ಸರಿಯಾಗಿಯೇ ಇತ್ತು, ಆದರೆ ಅದರ ಕೆಲಸ ಐದನೆಯ ದಿನವೇ ಮುಗಿಯಿತು. ನಿಮ್ಮ ಮಗನಿಗೆ ಅದು ಬೇಕಾಗಿರಲಿಲ್ಲ. ನಿಮ್ಮ ಅತ್ತೆಯವರಿಗೆ ಅದು, ಅದಕ್ಕಿಂತಲೂ ಹೆಚ್ಚಾಗಿ ಅಂಗಡಿಯಿಂದ ಬಂದ ಎರಡನೆಯದು, ಕೆಡುಕನ್ನೇ ಮಾಡಿರುವ ಸಾಧ್ಯತೆ ಇದೆ.

ಇದು ಹೇಗೆಂದು ತಿಳಿಯಬೇಕಾದರೆ ಟ್ಯೂಬಿನೊಳಗಿರುವ ಎರಡು ಔಷಧಿಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಬೀಟಾಮೆಥಸೋನ್ ಒಂದು ಸ್ಟಿರಾಯ್ಡ್. ಅದು ಚರ್ಮದ ಉರಿಯೂತವನ್ನು, ಅಂದರೆ ಊತ, ಬಿಸಿ, ತುರಿಕೆ ಮತ್ತು ಕೆಂಪನ್ನು ತಗ್ಗಿಸುತ್ತದೆ. ನಮ್ಮಂಥ ಕಂದು ಚರ್ಮದಲ್ಲಿ ಈ ಕೆಂಪು ಎಷ್ಟೋ ಸಲ ಕಪ್ಪು ಅಥವಾ ನೇರಳೆ ಛಾಯೆಯಾಗಿ ಕಾಣುವುದರಿಂದ "ಕೆಂಪೇ ಇಲ್ಲವಲ್ಲ" ಎಂದು ಮೋಸಹೋಗುವವರೂ ಇದ್ದಾರೆ. ಸ್ಟಿರಾಯ್ಡ್ ಉರಿಯೂತವನ್ನು ತಗ್ಗಿಸುವುದು ಆ ಜಾಗದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯನ್ನು ಸುಮ್ಮನಾಗಿಸುವ ಮೂಲಕ. ಯಾವ ಕಾರಣದಿಂದ ಉರಿಯೂತ ಬಂದಿದೆ ಎಂಬುದನ್ನು ಅದು ವಿಚಾರಿಸುವುದಿಲ್ಲ. ಇಸುಬಿನ ತುರಿಕೆಯನ್ನು ನಿಲ್ಲಿಸಿದಷ್ಟೇ ಸಲೀಸಾಗಿ ಹುಳುಕಡ್ಡಿಯ ತುರಿಕೆಯನ್ನೂ, ಕಜ್ಜಿಯ ತುರಿಕೆಯನ್ನೂ ಕೆಲವು ದಿನ ನಿಲ್ಲಿಸುತ್ತದೆ. ಹೀಗಾಗಿ ಸ್ಟಿರಾಯ್ಡ್ ಮುಲಾಮು ಹಚ್ಚಿ ಹಾಯೆನಿಸಿತು ಎಂಬುದರಿಂದ ಅದು ಸರಿಯಾದ ಔಷಧಿಯಾಗಿತ್ತು ಎಂದು ಹೇಳಲು ಬರುವುದಿಲ್ಲ.

ಎರಡನೆಯದಾದ ಫ್ಯುಸಿಡಿಕ್ ಆಸಿಡ್ ಒಂದು ಆಂಟಿಬಯಾಟಿಕ್, ಮುಖ್ಯವಾಗಿ ಸ್ಟಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡುವಂಥದ್ದು. ಇಸುಬು ಇರುವವರ ಚರ್ಮದ ಮೇಲೆ ಈ ಬ್ಯಾಕ್ಟೀರಿಯಾ ಸೋಂಕಿಲ್ಲದಾಗಲೂ ಬೀಡುಬಿಟ್ಟಿರುತ್ತದೆ. ಬೀಡುಬಿಟ್ಟ ಮಾತ್ರಕ್ಕೆ ಔಷಧಿ ಬೇಕಿಲ್ಲ. ಚರ್ಮ ಒಡೆದು ಅದು ಒಳಹೊಕ್ಕು, ಜೇನಿನ ಬಣ್ಣದ ಹಕ್ಕಳೆ, ಕೀವು, ಹೊಸದಾಗಿ ಶುರುವಾದ ನೋವು ಕಾಣಿಸಿಕೊಂಡಾಗ ಮಾತ್ರ ಆಂಟಿಬಯಾಟಿಕ್‌ನ ಮಾತು ಬರುತ್ತದೆ. ನಿಮಗೆ ಕಳೆದ ವರ್ಷ ಆದದ್ದು ಇದೇ ಇರಬೇಕು. ಆಗಲೂ ಕೂಡ, ಸೋಂಕು ಸೌಮ್ಯವಾಗಿದ್ದರೆ ಆಂಟಿಬಯಾಟಿಕ್‌ನಿಂದ ಎಷ್ಟು ಹೆಚ್ಚುವರಿ ಲಾಭ ಎಂಬುದು ಚರ್ಚೆಯ ವಿಷಯ. ಬ್ರಿಟನ್ನಿನಲ್ಲಿ ಸೋಂಕು ತಗುಲಿದಂತೆ ಕಂಡ ಇಸುಬಿನ ಮಕ್ಕಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸ್ಟಿರಾಯ್ಡ್ ಮತ್ತು ತೇವಕಾರಕ (ಮಾಯಿಶ್ಚರೈಸರ್) ಹಚ್ಚುತ್ತಿದ್ದ ಮಕ್ಕಳಿಗೆ ಅದರ ಜೊತೆಗೆ ಆಂಟಿಬಯಾಟಿಕ್ ಕೊಟ್ಟಿದ್ದರಿಂದ, ಅದು ಹಚ್ಚುವುದಿರಲಿ ಕುಡಿಸುವುದಿರಲಿ, ಗಮನಿಸುವಂಥ ಲಾಭವೇನೂ ಕಾಣಲಿಲ್ಲ. ಉರಿಯೂತ ಇಳಿದು ಚರ್ಮ ಕೂಡಿಕೊಂಡರೆ ಬ್ಯಾಕ್ಟೀರಿಯಾದ ಸಂಖ್ಯೆ ತಾನಾಗಿ ಇಳಿಯುತ್ತದೆ. ಹಾಗೆಂದು ನಿಮ್ಮ ಡಾಕ್ಟರು ಬರೆದದ್ದು ತಪ್ಪೆನ್ನುತ್ತಿಲ್ಲ. ಒಸರುವ, ಹಕ್ಕಳೆ ಕಟ್ಟಿದ ಸಣ್ಣ ಜಾಗಕ್ಕೆ ಕೆಲವೇ ದಿನಗಳ ಮಟ್ಟಿಗೆ ನಾನೂ ಬರೆಯುತ್ತೇನೆ.

ಕೆಲವೇ ದಿನ ಎಂದರೆ ಸಾಮಾನ್ಯವಾಗಿ ಐದರಿಂದ ಏಳು ದಿನ, ಹೆಚ್ಚೆಂದರೆ ಎರಡು ವಾರ. ಹೀಗೆ ಗಡಿ ಹಾಕುವುದಕ್ಕೆ ಎರಡೂ ಔಷಧಿಗಳು ಕಾರಣ. ಬಲವಾದ ಸ್ಟಿರಾಯ್ಡನ್ನು ಒಂದೇ ಜಾಗಕ್ಕೆ ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ರಕ್ತನಾಳಗಳು ಎದ್ದು ಕಾಣುತ್ತವೆ, ಬಣ್ಣ ಮಾಸುತ್ತದೆ, ಸಂದುಗಳಲ್ಲಿ ಬಸಿರಿನ ಗೆರೆಗಳಂಥ ಬರೆಗಳು ಮೂಡುತ್ತವೆ; ಈ ಬರೆಗಳು ಒಮ್ಮೆ ಮೂಡಿದರೆ ಪೂರ್ತಿಯಾಗಿ ಮಾಯುವುದಿಲ್ಲ. ಆಂಟಿಬಯಾಟಿಕ್‌ನ ವಿಷಯದಲ್ಲಾದರೆ, ದಿನ ಹೆಚ್ಚಿದಷ್ಟೂ ಅದಕ್ಕೆ ಜಗ್ಗದ ಬ್ಯಾಕ್ಟೀರಿಯಾಗಳೇ ಚರ್ಮದ ಮೇಲೆ ಉಳಿದು ಬೆಳೆಯುತ್ತವೆ. ಹಚ್ಚುವ ಫ್ಯುಸಿಡಿಕ್ ಆಸಿಡನ್ನು ಧಾರಾಳವಾಗಿ ಬಳಸಿದ ನ್ಯೂಜಿಲೆಂಡಿನಲ್ಲಿ ಅದಕ್ಕೆ ಮಣಿಯದ ಸ್ಟಫೈಲೊಕಾಕಸ್ ವ್ಯಾಪಕವಾಗಿ ಹರಡಿ, ಅದರ ಬಳಕೆಯನ್ನು ಕಡಿಮೆ ಮಾಡಿ ಎಂದು ಅಲ್ಲಿನ ವೈದ್ಯರಿಗೆ ಸೂಚಿಸಬೇಕಾಗಿ ಬಂತು. ಬೆರೆತ ಮುಲಾಮಿನ ಮೂಲ ತೊಡಕು ಇದೇ. ಒಂದನ್ನು ನಿಲ್ಲಿಸಿ ಇನ್ನೊಂದನ್ನು ಮುಂದುವರಿಸಲು ಬರುವುದಿಲ್ಲ. ಹಕ್ಕಳೆ ಉದುರಿದ ಮೇಲೂ ಇಸುಬು ಉಳಿದಿದ್ದರೆ ಬರೀ ಸ್ಟಿರಾಯ್ಡಿಗೆ ಬದಲಾಯಿಸಿಕೊಳ್ಳಬೇಕೇ ಹೊರತು ಅದೇ ಟ್ಯೂಬನ್ನು ಎಳೆಯಬಾರದು.

ಈಗ ಒಂದು ಸಣ್ಣ ಲೆಕ್ಕ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಒಂದು ಎಳೆ ಹಿಂಡಿದರೆ ಅದು ಸುಮಾರು ಅರ್ಧ ಗ್ರಾಂ ಆಗುತ್ತದೆ, ಮತ್ತು ಬೆರಳುಗಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಕು. ಚರ್ಮದ ಡಾಕ್ಟರುಗಳೆಲ್ಲ ಬಳಸುವ ಅಳತೆ ಇದು. ನಿಮ್ಮ ಎರಡೂ ಮೊಣಕೈ ಮಡಿಕೆಗಳಿಗೆ ಒಂದು ಹೊತ್ತಿಗೆ ಒಂದು ಎಳೆ ಸಾಕಾಗುತ್ತದೆ. ದಿನಕ್ಕೆರಡು ಸಲದಂತೆ ಐದು ದಿನಕ್ಕೆ ಹತ್ತು ಎಳೆ, ಅಂದರೆ 5 ಗ್ರಾಂ. ಟ್ಯೂಬಿನಲ್ಲಿದ್ದದ್ದು 15. ಉಳಿದ ಆ 10 ಗ್ರಾಂ ನಿಮ್ಮ ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ದಾಟಿತು. ಇದರಲ್ಲಿ ನಿಮ್ಮದೇ ತಪ್ಪು ಎನ್ನಲಾರೆ. ಬೇಕಾದದ್ದಕ್ಕಿಂತ ದೊಡ್ಡ ಟ್ಯೂಬು ಕೊಟ್ಟು, ಯಾವತ್ತು ನಿಲ್ಲಿಸಬೇಕು, ಮಿಕ್ಕದ್ದನ್ನು ಏನು ಮಾಡಬೇಕು ಎಂದು ಚೀಟಿಯಲ್ಲಿ ಬರೆಯದೇ ಇರುವುದು ನಮ್ಮ ವೃತ್ತಿಯ ಹಳೆಯ ಚಾಳಿ, ನಾನೂ ಅದರಿಂದ ಹೊರತಲ್ಲ.

ನಿಮ್ಮ ಮಗನ ವಿಷಯ. ನೋಡದೆ ರೋಗ ಹೇಳಲಾಗದು, ಆದರೆ ಈ ವಯಸ್ಸಿನ ಮಕ್ಕಳ ಕೆನ್ನೆಯಲ್ಲಿ ಹಕ್ಕಳೆಯಿಲ್ಲದ, ಒರಟಾದ, ಸ್ವಲ್ಪ ಬಿಳಿಚಿದ ಮಚ್ಚೆಗಳು ಬಹಳ ಸಾಮಾನ್ಯ; ಹೊಟ್ಟೆಯಲ್ಲಿ ಹುಳುವಾಗಿದೆ ಎಂದೋ ಕ್ಯಾಲ್ಸಿಯಂ ಕಡಿಮೆಯಾಗಿದೆ ಎಂದೋ ಹಿರಿಯರು ಹೇಳುವ ಈ ಮಚ್ಚೆ ಹೆಚ್ಚಿನ ಸಲ ಒಣಚರ್ಮದ, ಸೌಮ್ಯವಾದ ಇಸುಬಿನ ಒಂದು ರೂಪ. ಇದಕ್ಕೆ ಆಂಟಿಬಯಾಟಿಕ್ ಬೇಕಿಲ್ಲ, ಬೀಟಾಮೆಥಸೋನ್‌ನಷ್ಟು ಬಲವಾದ ಸ್ಟಿರಾಯ್ಡಂತೂ ಬೇಡವೇ ಬೇಡ. ವಾಸನೆಯಿಲ್ಲದ ತೇವಕಾರಕ ಕ್ರೀಮನ್ನು ದಿನಕ್ಕೆ ಎರಡು ಮೂರು ಸಲ ಹಚ್ಚುವುದು, ಮುಖಕ್ಕೆ ಸೋಪು ಕಡಿಮೆ ಮಾಡುವುದು, ಅಷ್ಟರಿಂದಲೇ ಎಷ್ಟೋ ಮಕ್ಕಳು ಸುಧಾರಿಸುತ್ತಾರೆ, ಬಣ್ಣ ಮರಳಲು ಮಾತ್ರ ತಿಂಗಳುಗಳು ಹಿಡಿಯುತ್ತವೆ. ತುರಿಕೆ ಇದ್ದರೆ ಡಾಕ್ಟರು ಶೇ. 1ರ ಹೈಡ್ರೊಕಾರ್ಟಿಸೋನ್‌ನಂಥ ಸೌಮ್ಯ ಸ್ಟಿರಾಯ್ಡನ್ನು ಕೆಲವು ದಿನಕ್ಕೆ ಕೊಡಬಹುದು.

ಮುಖದ ಬಗ್ಗೆ ಇಷ್ಟು ಎಚ್ಚರವೇಕೆಂದರೆ, ಚರ್ಮ ಎಲ್ಲ ಕಡೆಯೂ ಒಂದೇ ದಪ್ಪವಲ್ಲ, ಔಷಧಿಯನ್ನು ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ಹೀರುವುದೂ ಇಲ್ಲ. ಅಮೆರಿಕದ ಫೆಲ್ಡ್‌ಮನ್ ಮತ್ತು ಮೈಬಾಖ್ ಎಂಬ ಸಂಶೋಧಕರು 1967ರಲ್ಲಿ ಹೈಡ್ರೊಕಾರ್ಟಿಸೋನನ್ನು ಮೈಯ ಬೇರೆ ಬೇರೆ ಜಾಗಗಳಿಗೆ ಹಚ್ಚಿ ಅಳೆದಾಗ, ಮುಂಗೈಯ ಒಳಬದಿ ಹೀರಿದ್ದು ಒಂದು ಪಾಲು ಎಂದಿಟ್ಟುಕೊಂಡರೆ ಹಣೆ 6 ಪಾಲು, ದವಡೆಯ ಮೂಲೆ 13 ಪಾಲು, ವೃಷಣದ ಚರ್ಮ 42 ಪಾಲು ಹೀರಿತ್ತು. ಅಂಗಾಲು ಮಾತ್ರ ಒಂದರ ಏಳನೆಯ ಭಾಗದಷ್ಟು. ಕಣ್ಣಿನ ರೆಪ್ಪೆಯ ಚರ್ಮವಂತೂ ಇನ್ನೂ ನವಿರು, ಅಲ್ಲಿ ತಿಂಗಳುಗಟ್ಟಲೆ ಹಚ್ಚಿದರೆ ಕಣ್ಣಿನ ಒತ್ತಡ ಏರುವ, ಪೊರೆ ಬರುವ ಅಪಾಯವೂ ಇದೆ. ಮಕ್ಕಳಿಗೆ ದೇಹದ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚು, ಹಾಗಾಗಿ ಹೀರಿಕೊಂಡದ್ದು ರಕ್ತಕ್ಕೆ ಸೇರಿ ದೇಹದ ಸ್ವಂತ ಸ್ಟಿರಾಯ್ಡ್ ಉತ್ಪಾದನೆಯನ್ನೇ ತಗ್ಗಿಸಬಹುದು. ಹಸುಗೂಸುಗಳ ಡೈಪರ್ ಜಾಗಕ್ಕೆ ಇಂಥ ಮುಲಾಮು ಹಚ್ಚಿ ಮೇಲೆ ಡೈಪರ್ ಬಿಗಿಯುವುದು, ಔಷಧಿಯನ್ನು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಒಳಕ್ಕೆ ಒತ್ತಿದ ಹಾಗೆ. ನಿಮ್ಮ ಮಗನಿಗೆ ಆಗಾಗ ಸ್ವಲ್ಪವೇ ಹಚ್ಚಿರುವುದರಿಂದ ಗಾಬರಿ ಬೇಡ, ನಿಲ್ಲಿಸಿದರೆ ಸಾಕು. ಬಾಯಿಯ ಸುತ್ತ ಸಣ್ಣ ಗುಳ್ಳೆಗಳು ಎದ್ದರೆ ತೋರಿಸಿ. ಅದು ಮುಖಕ್ಕೆ ಸ್ಟಿರಾಯ್ಡ್ ಹಚ್ಚಿದ್ದರ ಪರಿಣಾಮವಿರಬಹುದು.

ಇನ್ನು ನಿಮ್ಮ ಅತ್ತೆಯವರದ್ದು. ನನಗೆ ಹೆಚ್ಚು ಚಿಂತೆಯಾಗಿರುವುದು ಇದೇ. ಸಕ್ಕರೆ ಕಾಯಿಲೆ, ತೊಡೆಸಂದು, ಮಲೆನಾಡಿನ ತೇವ, ಹಚ್ಚಿದರೆ ನಿಂತು ಬಿಟ್ಟರೆ ಮರಳುವ ತುರಿಕೆ: ಇಷ್ಟನ್ನು ಒಟ್ಟಿಗೆ ಕೇಳಿದ ಯಾವ ಚರ್ಮದ ಡಾಕ್ಟರಿಗೂ ಮೊದಲು ನೆನಪಾಗುವುದು ಹುಳುಕಡ್ಡಿ. ಹೆಸರಿನಲ್ಲಿ ಹುಳುವಿದ್ದರೂ ಅದು ಶಿಲೀಂಧ್ರದ ಸೋಂಕು. ಬ್ಯಾಕ್ಟೀರಿಯಾವನ್ನು ಕೊಲ್ಲುವ ಫ್ಯುಸಿಡಿಕ್ ಆಸಿಡ್ ಶಿಲೀಂಧ್ರಕ್ಕೆ ಏನೂ ಮಾಡದು. ಸ್ಟಿರಾಯ್ಡಾದರೋ ಅದರ ವಿರುದ್ಧ ಹೋರಾಡುತ್ತಿದ್ದ ರಕ್ಷಣೆಯನ್ನೇ ತೆಗೆದುಬಿಡುತ್ತದೆ. ತುರಿಕೆ ನಿಲ್ಲುತ್ತದೆ, ಉಂಗುರದ ಅಂಚು ಮಸುಕಾಗುತ್ತದೆ, ಶಿಲೀಂಧ್ರ ಮಾತ್ರ ಸದ್ದಿಲ್ಲದೆ ಸೊಂಟಕ್ಕೂ ಪಿರ್ರೆಗೂ ಹಬ್ಬುತ್ತದೆ. ಹೀಗೆ ಗುರುತು ಮರೆಸಿಕೊಂಡ ಹುಳುಕಡ್ಡಿಯನ್ನು ಲಂಡನ್ನಿನ ವೈದ್ಯರಿಬ್ಬರು 1968ರಲ್ಲೇ ವಿವರಿಸಿ, ವೇಷ ಮರೆಸಿದ್ದು ಎಂಬರ್ಥದ ಲ್ಯಾಟಿನ್ ಹೆಸರಿಟ್ಟರು. ನಾನು ರೋಗಿಗಳಿಗೆ ಅಜ್ಞಾತವಾಸದ ಹುಳುಕಡ್ಡಿ ಎಂದು ಹೇಳುತ್ತೇನೆ, ತಕ್ಷಣ ಅರ್ಥವಾಗುತ್ತದೆ.

"ಎರಡನೆಯ ಟ್ಯೂಬಿನಲ್ಲಿ ಶಿಲೀಂಧ್ರದ ಔಷಧಿಯೂ ಇತ್ತಲ್ಲ" ಎಂದು ನೀವು ಕೇಳಬಹುದು. ಮೂರೂ ಇರುವ ಮುಲಾಮುಗಳಲ್ಲಿ ಸಾಮಾನ್ಯವಾಗಿ ಕ್ಲೊಬೆಟಾಸಾಲ್ ಅಥವಾ ಬೆಕ್ಲೊಮೆಥಸೋನ್ ಎಂಬ ಸ್ಟಿರಾಯ್ಡ್, ನಿಯೊಮೈಸಿನ್ ಅಥವಾ ಜೆಂಟಾಮೈಸಿನ್ ಎಂಬ ಆಂಟಿಬಯಾಟಿಕ್, ಮೈಕೊನಜೋಲ್ ಅಥವಾ ಕ್ಲೊಟ್ರಿಮಜೋಲ್ ಎಂಬ ಶಿಲೀಂಧ್ರನಾಶಕ ಇರುತ್ತವೆ. ಶಿಲೀಂಧ್ರ ಹೋಗಲು ವಾರಗಟ್ಟಲೆ ಹಚ್ಚಬೇಕು, ಕಣ್ಣಿಗೆ ಕಾಣದಾದ ಮೇಲೂ ಕೆಲವು ದಿನ ಮುಂದುವರಿಸಬೇಕು. ಕ್ಲೊಬೆಟಾಸಾಲನ್ನಾದರೆ ಎರಡು ವಾರಕ್ಕಿಂತ ಹೆಚ್ಚು ಹಚ್ಚುವಂತಿಲ್ಲ, ತೊಡೆಸಂದಿಗಂತೂ ಹಚ್ಚಲೇಬಾರದು. ಮೂರನೆಯ ದಿನ ಸ್ಟಿರಾಯ್ಡಿನಿಂದ ತುರಿಕೆ ನಿಂತಾಗ ರೋಗಿ ಹಚ್ಚುವುದನ್ನು ಬಿಡುತ್ತಾರೆ, ಶಿಲೀಂಧ್ರ ಅರೆಬರೆಯಾಗಿ ಉಳಿಯುತ್ತದೆ, ಹತ್ತು ದಿನದ ಮೇಲೆ ತುರಿಕೆ ಮರಳುತ್ತದೆ, ಮತ್ತೆ ಟ್ಯೂಬು. ಒಂದೇ ಟ್ಯೂಬಿನಲ್ಲಿ ಇಷ್ಟು ಬೇರೆ ಬೇರೆ ಅವಧಿಯ ಔಷಧಿಗಳನ್ನು ತುಂಬಿದ್ದೇ ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಟ್ಯೂಬಿನ ಮೇಲಿನ ಅಂಕಿಯನ್ನು ನೋಡಿಯೂ ಮೋಸಹೋಗಬೇಡಿ: ಶೇ. 0.05ರ ಕ್ಲೊಬೆಟಾಸಾಲ್ ಶೇ. 1ರ ಹೈಡ್ರೊಕಾರ್ಟಿಸೋನ್‌ಗಿಂತ ನೂರಾರು ಪಟ್ಟು ಬಲವಾದದ್ದು.

ಇದರ ಬೆಲೆಯನ್ನು ನಾವು ಈಗ ತೆರುತ್ತಿದ್ದೇವೆ. ಕಳೆದ ಒಂದು ದಶಕದಿಂದ ಭಾರತದಲ್ಲಿ ಸುಲಭಕ್ಕೆ ಬಗ್ಗದ ಹುಳುಕಡ್ಡಿ ಹಬ್ಬಿದೆ, ಮತ್ತು ಇಂಥ ಮಿಶ್ರ ಮುಲಾಮುಗಳ ಬೇಕಾಬಿಟ್ಟಿ ಬಳಕೆ ಅದಕ್ಕೆ ಮುಖ್ಯ ಕಾರಣಗಳಲ್ಲಿ ಒಂದೆಂದು ಚರ್ಮತಜ್ಞರು ಭಾವಿಸುತ್ತಾರೆ. ಇದನ್ನು ತರುವ ಶಿಲೀಂಧ್ರಕ್ಕೆ 2020ರಲ್ಲಿ ಇಟ್ಟ ಹೆಸರೇ ಟ್ರೈಕೊಫೈಟಾನ್ ಇಂಡೊಟಿನಿಯೆ. ಹೆಸರಿನಲ್ಲೇ ನಮ್ಮ ದೇಶವಿದೆ. ಟರ್ಬಿನಾಫಿನ್ ಎಂಬ ಮೊದಲ ಸಾಲಿನ ಔಷಧಿಗೆ ಇದರ ಎಷ್ಟೋ ತಳಿಗಳು ಬಗ್ಗುವುದಿಲ್ಲ. ಈಗ ಯುರೋಪಿನಲ್ಲೂ ಅಮೆರಿಕದಲ್ಲೂ ಇದು ಕಾಣಿಸಿಕೊಂಡಿದೆ.

ನಿಯೊಮೈಸಿನ್ ಬಗ್ಗೆ ಪ್ರತ್ಯೇಕವಾಗಿ ಒಂದು ಮಾತು. ಹಚ್ಚಿದ ಚರ್ಮಕ್ಕೇ ಅಲರ್ಜಿ ತರುವ ಔಷಧಿಗಳಲ್ಲಿ ಇದು ಕುಖ್ಯಾತ. ಅಮೆರಿಕದ ಸ್ಪರ್ಶ ಚರ್ಮರೋಗ (ಚರ್ಮಕ್ಕೆ ತಾಗಿದ ವಸ್ತುವಿನಿಂದ ಬರುವ ಉರಿಯೂತ) ತಜ್ಞರ ಸಂಘ 2010ರಲ್ಲಿ ಇದನ್ನು ವರ್ಷದ ಅಲರ್ಜಿಕಾರಕವೆಂದು ಘೋಷಿಸಿತ್ತು. ಅಲರ್ಜಿಯಿಂದ ಎದ್ದ ಉರಿಯೂತವನ್ನು ಅದೇ ಟ್ಯೂಬಿನ ಸ್ಟಿರಾಯ್ಡ್ ಅರ್ಧ ಮುಚ್ಚಿಡುತ್ತದೆ, ಆದ್ದರಿಂದ ಗಾಯ ಪೂರ್ತಿ ವಾಸಿಯೂ ಆಗದೆ, ಉಲ್ಬಣವೂ ಆಗದೆ ಎಳೆಯುತ್ತಾ ಹೋಗುತ್ತದೆ, ರೋಗಿ ಇನ್ನಷ್ಟು ಮುಲಾಮು ಹಚ್ಚುತ್ತಾರೆ. ಎರಡು ವಾರ ಹಚ್ಚಿಯೂ ಮಾಯದ ಜಾಗವಿದ್ದರೆ ಮುಲಾಮನ್ನೇ ಅನುಮಾನಿಸಬೇಕು.

ಅತ್ತೆಯವರು ಈಗ ಮಾಡಬೇಕಾದದ್ದು ಇಷ್ಟು. ಎರಡೂ ಟ್ಯೂಬುಗಳನ್ನು ನಿಲ್ಲಿಸಲಿ. ನಿಲ್ಲಿಸಿದ ಕೆಲವು ದಿನ ತುರಿಕೆಯೂ ಉರಿಯೂ ಹೆಚ್ಚಬಹುದು, ಇದನ್ನು ಮೊದಲೇ ಹೇಳಿಡಿ, ಇಲ್ಲವಾದರೆ ಮತ್ತೆ ಅದೇ ಟ್ಯೂಬಿಗೆ ಕೈಹೋಗುತ್ತದೆ. ಆ ದಿನಗಳು ಕಳೆಯಲೆಂದು ಕಾಯದೆ ಬೇಗನೆ ಚರ್ಮದ ಡಾಕ್ಟರರ ಬಳಿ ಕರೆದೊಯ್ಯಿರಿ, ಎರಡೂ ಟ್ಯೂಬುಗಳನ್ನು ಜೊತೆಗೆ ಒಯ್ದು ಎಷ್ಟು ದಿನ ಹಚ್ಚಿದ್ದೆಂದು ಮುಚ್ಚಿಡದೆ ಹೇಳಿ. ಅಂಚಿನ ಹೊಟ್ಟನ್ನು ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರವಿದೆಯೇ ಎಂಬುದು ಕೆಲವೇ ನಿಮಿಷಗಳಲ್ಲಿ ಗೊತ್ತಾಗುತ್ತದೆ. ಆ ಪರೀಕ್ಷೆಗೆ ನೀವೇ ಕೇಳಬಹುದು. ಹುಳುಕಡ್ಡಿಯೇ ಆಗಿದ್ದರೆ ಹಚ್ಚುವುದರ ಜೊತೆಗೆ ಮಾತ್ರೆಯೂ ಬೇಕಾಗಬಹುದು, ಸಕ್ಕರೆಯ ಮಾತ್ರೆಗಳ ಜೊತೆ ಅದು ಹೊಂದುತ್ತದೆಯೇ ಎಂದು ಅವರು ನೋಡುತ್ತಾರೆ. ರಕ್ತದ ಸಕ್ಕರೆಯನ್ನೂ ಒಮ್ಮೆ ಪರೀಕ್ಷಿಸಿ, ಅದು ಏರಿದ್ದರೆ ಸೋಂಕು ಬೇಗ ಹೋಗದು. ಟವೆಲು, ಒಳಬಟ್ಟೆ ಪ್ರತ್ಯೇಕವಿರಲಿ. ಮಳೆಗಾಲದಲ್ಲಿ ನಿಮ್ಮ ಕಡೆ ಬಟ್ಟೆ ಒಣಗುವುದೇ ದೊಡ್ಡ ಕಷ್ಟ. ಅರೆ ಒಣಗಿದ್ದನ್ನು ಉಡುವ ಬದಲು ಹೊಲಿಗೆಯ ಸಾಲುಗಳ ಮೇಲೆ ಇಸ್ತ್ರಿ ಹಾಕಿ. ಮನೆಯಲ್ಲಿ ಬೇರೆಯವರಿಗೂ ತುರಿಕೆಯಿದ್ದರೆ ಅವರೂ ತೋರಿಸಿಕೊಳ್ಳಬೇಕು.

ಅಂಗಡಿಯವರು ಚೀಟಿಯಿಲ್ಲದೆ ಕೊಟ್ಟದ್ದರ ಬಗ್ಗೆ. 2018ರ ಮಾರ್ಚ್‌ವರೆಗೆ ಹಚ್ಚುವ ಸ್ಟಿರಾಯ್ಡುಗಳಿಗೆ ಶೆಡ್ಯೂಲ್ ಎಚ್ (ಡಾಕ್ಟರರ ಚೀಟಿಯಿಲ್ಲದೆ ಮಾರಬಾರದ ಔಷಧಿಗಳ ಪಟ್ಟಿ) ನಿಯಮದಲ್ಲಿ ವಿನಾಯಿತಿಯಿತ್ತು. ಭಾರತೀಯ ಚರ್ಮತಜ್ಞರ ಸಂಘ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ, ಆ ತಿಂಗಳು ಕೇಂದ್ರ ಆರೋಗ್ಯ ಸಚಿವಾಲಯ 14 ಸ್ಟಿರಾಯ್ಡುಗಳಿಗೆ ಚೀಟಿ ಕಡ್ಡಾಯ ಮಾಡಿತು. ಮಿಶ್ರಣಗಳ ಕತೆ ಬೇರೆ: 2016ರ ಮಾರ್ಚ್‌ನಲ್ಲಿ ಸರ್ಕಾರ ನಿಷೇಧಿಸಿದ 344 ಮಿಶ್ರ ಔಷಧಿಗಳಲ್ಲಿ ಚರ್ಮದ ಮುಲಾಮುಗಳೂ ಹಲವು ಇದ್ದವು, ಅದೇ ವರ್ಷ ದೆಹಲಿ ಹೈಕೋರ್ಟ್ ನಿಷೇಧವನ್ನು ರದ್ದುಗೊಳಿಸಿತು, ಸುಪ್ರೀಂ ಕೋರ್ಟ್ ವಿಷಯವನ್ನು ತಜ್ಞ ಮಂಡಳಿಗೆ ಒಪ್ಪಿಸಿತು, 2018ರ ಸೆಪ್ಟೆಂಬರ್‌ನಲ್ಲಿ 328 ಮಿಶ್ರಣಗಳು ಮತ್ತೆ ನಿಷೇಧವಾದವು. ಇಷ್ಟಾದರೂ ಕಪಾಟಿನಲ್ಲಿ ಉಳಿದಿರುವವು ಬೇಕಾದಷ್ಟಿವೆ. ಬಾಕ್ಸಿನ ಮೇಲೆ ಕೆಂಪು ಗೆರೆಯಿದ್ದರೆ ಅದು ಡಾಕ್ಟರರ ಚೀಟಿಯಿಲ್ಲದೆ ಕೊಳ್ಳುವ ಔಷಧಿಯಲ್ಲ.

ಕೊನೆಗೆ ನಿಮ್ಮ ಮೊಣಕೈ. ಇಸುಬಿನ ದಿನನಿತ್ಯದ ಔಷಧಿ ತೇವಕಾರಕ. ಮಿಂದ ತಕ್ಷಣ ಮೈ ಅರೆ ಒದ್ದೆಯಿರುವಾಗ ಹಚ್ಚಿಕೊಳ್ಳಿ. ನಿಮ್ಮ ಕಡೆ ಬಿರುಕಿಗೆ ಹಚ್ಚುವ ಮುರುಗಲ ತುಪ್ಪವೂ, ಕೊಬ್ಬರಿ ಎಣ್ಣೆಯೂ ಒಡೆಯದ ಚರ್ಮಕ್ಕೆ ನಡೆಯುತ್ತವೆ, ಒಸರುವ ಜಾಗಕ್ಕೆ ಬೇಡ. (ಜಿಡ್ಡಿನ ಮುಲಾಮು ಹೀರಿದ ಬಟ್ಟೆಗೆ ಬೆಂಕಿ ಬೇಗ ಹೊತ್ತಿಕೊಳ್ಳುತ್ತದೆ, ಬಚ್ಚಲ ಒಲೆಯ ಮುಂದೆ ಎಚ್ಚರವಿರಲಿ.) ತುರಿಕೆ ಮರಳಿ, ಹಕ್ಕಳೆಯಾಗಲಿ ಕೀವಾಗಲಿ ಇಲ್ಲದಿದ್ದರೆ, ಡಾಕ್ಟರು ಸೂಚಿಸಿದ ಬರೀ ಸ್ಟಿರಾಯ್ಡನ್ನು, ತೇವಕಾರಕ ಹಚ್ಚಿ ಅರ್ಧ ಗಂಟೆ ಬಿಟ್ಟು, ದಿನಕ್ಕೊಮ್ಮೆಯೋ ಎರಡು ಸಲವೋ ಅವರು ಹೇಳಿದಷ್ಟು ದಿನ ಹಚ್ಚಿ. ಸ್ಟಿರಾಯ್ಡ್ ಎಂಬ ಹೆಸರಿಗೇ ಹೆದರಿ ಅರೆಮನಸ್ಸಿನಿಂದ ಸವರುವವರೂ ನನ್ನ ಬಳಿ ಬರುತ್ತಾರೆ, ಅವರ ಇಸುಬೂ ಹೋಗುವುದಿಲ್ಲ. ಮತ್ತೆ ಒಸರಿ ಹಳದಿ ಹಕ್ಕಳೆ ಕಟ್ಟಿದರೆ ಹಳೆಯ ಚೀಟಿ ಹಿಡಿದು ಅಂಗಡಿಗೆ ಹೋಗದೆ ತೋರಿಸಿಕೊಳ್ಳಿ, 5 ಗ್ರಾಂನ ಟ್ಯೂಬು ಸಿಗುವುದಾದರೆ ಅದನ್ನೇ ಬರೆಸಿ, ನಿಲ್ಲಿಸುವ ತಾರೀಖನ್ನು ಬಾಕ್ಸಿನ ಮೇಲೆ ಬರೆದಿಡಿ. ಜ್ವರ ಬಂದರೆ, ಸುತ್ತಲಿನ ಚರ್ಮ ಬಿಸಿಯಾಗಿ ಊದಿದರೆ, ಇಲ್ಲವೇ ಇಸುಬಿನ ಮೇಲೆ ಒಂದೇ ಅಳತೆಯ ನೋಯುವ ಸಣ್ಣ ನೀರ್ಗುಳ್ಳೆಗಳು ಗುಂಪಾಗಿ ಎದ್ದು ಒಡೆದರೆ, ಯಾವ ಮುಲಾಮನ್ನೂ ಹಚ್ಚದೆ ಅದೇ ದಿನ ಆಸ್ಪತ್ರೆಗೆ ಹೋಗಿ. ಆ ಗುಳ್ಳೆಗಳು ಹರ್ಪಿಸ್ ವೈರಸ್ಸಿನದಿರಬಹುದು, ಅದಕ್ಕೆ ಬೇಕಾದದ್ದು ಬೇರೆಯದೇ ಔಷಧಿ.